ಕಿನ್ನಾಳ ಕಲೆಯ ಲೇಪನ ವಿಧಾನ

ಕಿನ್ನಾಳ ಕಲೆಯು ಕರ್ನಾಟಕದ ಕೊಪ್ಪಳ ತಾಲ್ಲೂಕಿನ ಕಿನ್ನಾಳ ಗ್ರಾಮದಲ್ಲಿ ಚಿತ್ರಗಾರ ಮನೆತನಗಳು ಉಳಿಸಿಕೊಂಡು ಬಂದಿರುವ, ಮರದ ಗೊಂಬೆ ಹಾಗೂ ದೇವತಾಮೂರ್ತಿಗಳ ಪಾರಂಪರಿಕ ಕರಕುಶಲ ಕಲೆಯಾಗಿದೆ. ಈ ಜಿಲ್ಲೆಯು ಗದಗ ಜಿಲ್ಲೆಯ ಗಜೇಂದ್ರಗಡ ಪ್ರದೇಶಕ್ಕೆ ಹೊಂದಿಕೊಂಡಿದೆ. ಮರದ ಮೇಲೆ ಪದರ ಪದರವಾಗಿ ಕೂರಿಸುವ ಲೇಪನ ಮತ್ತು ತವರದಿಂದ ಪಡೆಯುವ ಲೋಹದ ಹೊಳಪು ಈ ಕಲೆಯ ವೈಶಿಷ್ಟ್ಯಗಳು.

ಹಿನ್ನೆಲೆ

ಹಂಪಿಯ ವಿರೂಪಾಕ್ಷ ದೇವಾಲಯದ ವರ್ಣಚಿತ್ರಗಳನ್ನು ರಚಿಸಿದವರು ಈ ಕುಶಲಕರ್ಮಿಗಳ ಪೂರ್ವಜರೆಂಬ ನಂಬಿಕೆ ಪ್ರಚಲಿತದಲ್ಲಿದೆ.

ಲೇಪನದ ಹಂತಗಳು

ಆಕೃತಿಯನ್ನು ಒಂದೇ ದಿಮ್ಮಿಯಿಂದ ಕೆತ್ತದೆ, ಹಗುರ ಮರದ ಬಿಡಿಭಾಗಗಳನ್ನು ಜೋಡಿಸಿ ರೂಪಿಸಲಾಗುತ್ತದೆ. ಗರುಡನ ಮೂರ್ತಿಯಲ್ಲಿ 12 ಭಾಗಗಳಿದ್ದರೆ, ಪೀಠಸಹಿತ ಗಣಪತಿಯಲ್ಲಿ 22 ಭಾಗಗಳಿರುತ್ತವೆ. ಆದ್ದರಿಂದ ಬೆಸುಗೆಗಳನ್ನು ಮರೆಮಾಚಿ ಮೇಲ್ಮೈಯನ್ನು ಏಕರೂಪಗೊಳಿಸುವುದು ಲೇಪನದ ಮೊದಲ ಉದ್ದೇಶ.

* ಕಿಟ್ಟ: ನೆನೆಸಿ, ಒಣಗಿಸಿ ಪುಡಿಮಾಡಿದ ಗೋಣಿನಾರನ್ನು ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸಿ ಸಿದ್ಧಪಡಿಸುವ ಮಿಶ್ರಣ. ಇದನ್ನು ಕೈಯಿಂದ ಆಕೃತಿಯ ಎಲ್ಲೆಡೆ ಮೆತ್ತಲಾಗುತ್ತದೆ.
* ಹತ್ತಿಯ ಪದರ: ಕಿಟ್ಟದ ಮೇಲೆ ಹತ್ತಿಯ ಚೂರುಗಳನ್ನು ಹುಣಸೆಬೀಜದ ಅಂಟಿನಿಂದ ಅಂಟಿಸಲಾಗುತ್ತದೆ.
* ಕಲ್ಲುಪುಡಿಯ ಲೇಪ: ಬೆಣಚುಕಲ್ಲಿನ ನುಣ್ಣನೆಯ ಪುಡಿಯ ಸರಿಯನ್ನು ಬಳಿಯಲಾಗುತ್ತದೆ. ಬಣ್ಣಕ್ಕೆ ಇದೇ ತಳಹದಿ. ಇದೇ ಪುಡಿಯನ್ನು ದ್ರವರೂಪದ ಗೋಂದಿನೊಂದಿಗೆ ಬೆರೆಸಿ ಆಭರಣಗಳ ಉಬ್ಬುಗೆರೆಗಳನ್ನು ಮೂಡಿಸಲಾಗುತ್ತದೆ.

ಲಾಜವಾರ

ಮೂರ್ತಿಗಳ ಹೊಳಪಿಗೆ ತವರವೇ ಆಧಾರ. ತವರವನ್ನು ನುಣ್ಣಗೆ ಪುಡಿಮಾಡಿ, ಅಂಟಿನೊಂದಿಗೆ ಬೆರೆಸಿ ಹಚ್ಚಿ, ಒಣಗಿದ ಬಳಿಕ ನಯವಾದ ಕಲ್ಲಿನಿಂದ ಉಜ್ಜಲಾಗುತ್ತದೆ. ಉಜ್ಜಿದಂತೆ ಲೋಹದ ಕಣಗಳು ಒತ್ತೊತ್ತಾಗಿ ಕೂತು ಬೆಳಕನ್ನು ಪ್ರತಿಫಲಿಸುತ್ತವೆ. ಈ ಕ್ರಮಕ್ಕೆ ಲಾಜವಾರ ಎಂದು ಹೆಸರು.

ಇತರ ವಿಧಾನಗಳೊಂದಿಗೆ ಹೋಲಿಕೆ

ಚನ್ನಪಟ್ಟಣದ ಗೊಂಬೆಗಳಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಅಂಟುತ್ತದೆ. ಆ ವಿಧಾನವು ಚರಕಿಯಲ್ಲಿ ಕಡೆದ ದುಂಡನೆಯ ರೂಪಗಳಿಗೆ ತಕ್ಕುದು. ಕಿನ್ನಾಳದ ಲೇಪನವು ಕೈಕೆಲಸವಾದುದರಿಂದ ಮುಖ, ಬೆರಳು, ರೆಕ್ಕೆಗಳಂತಹ ಸೂಕ್ಷ್ಮ ಭಾಗಗಳಿಗೂ ಒದಗುತ್ತದೆ.

ಪ್ರಸ್ತುತ ಸ್ಥಿತಿ

ಕಿನ್ನಾಳ ಗೊಂಬೆಗಳು 1999ರ ಸರಕುಗಳ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ನೋಂದಣಿಯಾಗಿವೆ. ಹಿಂದೆ ವಿವಿಧ ಕಸುಬುದಾರರ ಗೊಂಬೆಗಳು ಜನಪ್ರಿಯವಾಗಿದ್ದವು. ಈಚೆಗೆ ಪ್ರಾಣಿಪಕ್ಷಿಗಳ ಗೊಂಬೆಗಳಿಗೆ ಬೇಡಿಕೆ ಹೆಚ್ಚು. ಪಾರಂಪರಿಕ ಬಣ್ಣಗಳ ಜಾಗದಲ್ಲಿ ಸಿದ್ಧ ರಾಸಾಯನಿಕ ಬಣ್ಣಗಳೂ ಬಳಕೆಗೆ ಬಂದಿವೆ. ಇವು ಶ್ರಮವನ್ನು ತಗ್ಗಿಸುತ್ತವೆಯಾದರೂ ಲಾಜವಾರದ ಹೊಳಪಿಗೆ ಸಾಟಿಯಾಗಲಾರವು. ನೋಂದಣಿಯು ಹೆಸರಿನ ದುರ್ಬಳಕೆಯನ್ನು ತಡೆಯಬಲ್ಲದು. ಲೇಪನದ ಜ್ಞಾನವಾದರೋ ಕೆಲವೇ ಮನೆತನಗಳಲ್ಲಿ ಉಳಿದಿದ್ದು, ಅದರ ಮುಂದುವರಿಕೆ ಹೊಸ ತಲೆಮಾರಿನ ಕಲಿಕೆಯನ್ನು ಅವಲಂಬಿಸಿದೆ.