ಹಳೆಯ ರೇಸ್ ಕಾರಿಗೆ ಮರುಹುಟ್ಟು: ಬೇಕಾದ ಕಸುಬು ಘಟಪ್ರಭೆಯ ದಂಡೆಯಲ್ಲೂ ಉಂಟು

1924ರ ಆಗಸ್ಟ್ 3ರಂದು ಫ್ರಾನ್ಸಿನ ಲಿಯಾನ್ ಬಳಿ ನಡೆದ ಗ್ರ್ಯಾಂಡ್ ಪ್ರಿ ಪಂದ್ಯದಲ್ಲಿ ನೀಲಿ ಬಣ್ಣದ ಪುಟ್ಟ ಕಾರುಗಳು ಮೊದಲ ಬಾರಿಗೆ ಕಣಕ್ಕಿಳಿದವು. ಅವು ಅಲ್ಸಾಸ್ ಪ್ರಾಂತ್ಯದ ಮೋಲ್ಸೈಮ್ ಎಂಬ ಊರಿನಲ್ಲಿ ತಯಾರಾದ ಬುಗಾಟಿ ಟೈಪ್ 35 ಕಾರುಗಳು. ಅಂದು ಟೈರುಗಳು ಕೈಕೊಟ್ಟದ್ದರಿಂದ ಗೆಲುವು ದಕ್ಕಲಿಲ್ಲ. ಆದರೆ 1925ರಿಂದ 1929ರವರೆಗೆ ಸಿಸಿಲಿ ದ್ವೀಪದ ಟಾರ್ಗಾ ಫ್ಲೋರಿಯೊ ಪಂದ್ಯವನ್ನು ಸತತವಾಗಿ ಐದು ಬಾರಿ ಗೆದ್ದದ್ದು ಬುಗಾಟಿಯೇ. 1929ರಲ್ಲಿ ಮೊನಾಕೊದ ಮೊದಲ ಗ್ರ್ಯಾಂಡ್ ಪ್ರಿ ಪಂದ್ಯವೂ ಇದೇ ಬಗೆಯ 35ಬಿ ಕಾರಿನ ಪಾಲಾಯಿತು.

ಈ ಕುಟುಂಬದ ಕಾರುಗಳು ತಯಾರಾದದ್ದು ಸುಮಾರು 340 ಮಾತ್ರ. ಉಳಿದಿರುವ ಮೂಲ ಕಾರುಗಳು ವಸ್ತುಸಂಗ್ರಹಾಲಯಗಳಲ್ಲಿ ಅಥವಾ ಸಿರಿವಂತರ ಸಂಗ್ರಹಗಳಲ್ಲಿವೆ. ಅವುಗಳ ಬೆಲೆ ಕೋಟಿಗಳ ಲೆಕ್ಕದ್ದು. ಅಂಥ ಕಾರನ್ನು ಪಂದ್ಯಕ್ಕಿಳಿಸಿ ಗೋಡೆಗೆ ಗುದ್ದಿಸಲು ಯಾವ ಒಡೆಯನಿಗೂ ಮನಸ್ಸು ಬಾರದು. ಆದ್ದರಿಂದಲೇ ಹಳೆಯ ರೇಸ್ ಕಾರನ್ನು ಅದರ ಕಾಲದ ವಿನ್ಯಾಸ, ಲೋಹ ಮತ್ತು ಬಿಡಿಭಾಗಗಳಿಗೆ ನಿಷ್ಠವಾಗಿ ಹೊಸದಾಗಿ ಕಟ್ಟುವ ಕಸುಬು ಬೆಳೆದುಬಂದಿದೆ.

ಈ ಕಸುಬಿನ ಪ್ರಸಿದ್ಧ ಕಾರ್ಯಾಗಾರಗಳಲ್ಲಿ ಒಂದು ಇರುವುದು ಪ್ಯಾರಿಸ್ಸಿನಲ್ಲೂ ಅಲ್ಲ, ಲಂಡನ್ನಿನಲ್ಲೂ ಅಲ್ಲ. ಅರ್ಜೆಂಟೀನಾದ ಎಂಟ್ರೆ ರಿಯೋಸ್ ಪ್ರಾಂತ್ಯದ ಪರಾನಾ ಎಂಬ ನದಿ ದಂಡೆಯ ಊರಿನಲ್ಲಿ 'ಪುರ್ ಸಾಂಗ್' ಎಂಬ ಸಂಸ್ಥೆ ಟೈಪ್ 35ರ ಪ್ರತಿಕೃತಿಗಳನ್ನು ಕಟ್ಟುತ್ತದೆ. ಎಂಜಿನ್, ಗಾಲಿ, ಕಾರ್ಬುರೇಟರ್‌ಗಳಿಂದ ಹಿಡಿದು ಸಣ್ಣ ಬೋಲ್ಟುಗಳವರೆಗೆ ಬಹುಪಾಲು ಭಾಗಗಳನ್ನು ಅಲ್ಲಿನ ಕೆಲಸಗಾರರೇ ಎರಕ ಹೊಯ್ದು, ಕಡೆದು, ಬಡಿದು ಮಾಡುತ್ತಾರೆ. ದೂರದ ನಗರವೊಂದು ಇಷ್ಟು ಮಾಡಬಲ್ಲದಾದರೆ, ಎರಕ ಮತ್ತು ಯಂತ್ರಗಾರಿಕೆಗೆ ಹೆಸರಾದ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಈ ವಿದ್ಯೆ ಎಷ್ಟು ದೂರ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಪ್ರತಿಕೃತಿಯಲ್ಲಿಯೂ ಹಲವು ಬಗೆ

ಹಳೆಯ ರೇಸ್ ಕಾರಿನಂತೆ ಕಾಣುವ ಕಾರುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೂಲ ಕಾರನ್ನೇ ಬಿಚ್ಚಿ ಸರಿಪಡಿಸಿದರೆ ಅದು ಜೀರ್ಣೋದ್ಧಾರ. ಮೂಲ ತಯಾರಕ ಸಂಸ್ಥೆಯೇ ದಶಕಗಳ ಅನಂತರ ಹಳೆಯ ನಕ್ಷೆ ಹಿಡಿದು ಮತ್ತೆ ತಯಾರಿಸಿದರೆ ಅದು ಮುಂದುವರಿಕೆ ಕಾರು. ಇದಕ್ಕೆ ಜಾಗ್ವಾರ್ ಸಂಸ್ಥೆಯದು ಒಳ್ಳೆಯ ಉದಾಹರಣೆ. 1963ರಲ್ಲಿ 18 ಹಗುರ ಇ-ಟೈಪ್ ಕಾರುಗಳನ್ನು ಯೋಜಿಸಿ 12 ಮಾತ್ರ ಕಟ್ಟಿದ್ದ ಸಂಸ್ಥೆ, ಉಳಿದ 6 ಕಾರುಗಳನ್ನು ಕಟ್ಟುವುದಾಗಿ 2014ರಲ್ಲಿ ಪ್ರಕಟಿಸಿತು. 1957ರ ಫೆಬ್ರುವರಿ 12ರಂದು ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಹಾಳಾದ 9 ಎಕ್ಸ್‌ಕೆಎಸ್‌ಎಸ್ ಕಾರುಗಳ ಬದಲಿಗೆ ಹೊಸ 9 ಕಾರುಗಳನ್ನು 2016ರಲ್ಲಿ ಘೋಷಿಸಿತು.

ಮೂಲ ತಯಾರಕರಲ್ಲದ ಬೇರೊಬ್ಬರು ಅದೇ ಅಳತೆ, ಅದೇ ಲೋಹ, ಅದೇ ವಿಧಾನದಿಂದ ಕಟ್ಟಿದ್ದು ನಿಷ್ಠ ಪ್ರತಿಕೃತಿ. ಹೊರಗಿನ ಆಕಾರ ಮಾತ್ರ ಹಳೆಯದಾಗಿ, ಒಳಗೆ ಇಂದಿನ ಎಂಜಿನ್ ಇದ್ದರೆ ಅದು ಹೋಲಿಕೆಯ ಕಾರು. ಭಾರತದಲ್ಲಿ ತಯಾರಾದ ಚಿಂಕಾರಾ ರೋಡ್‌ಸ್ಟರ್ ಈ ಕೊನೆಯ ಬಗೆಗೆ ಸೇರುತ್ತದೆ. ಅದರ ರೂಪ ಬ್ರಿಟನ್ನಿನ ಲೋಟಸ್ 7 ಕಾರನ್ನು ನೆನಪಿಸಿದರೆ, ಒಳಗಿದ್ದದ್ದು ಇಸುಜು 1.8 ಲೀಟರ್ ಎಂಜಿನ್. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಗುರಿಯೇ ಬೇರೆ.

ಮೊದಲು ದಾಖಲೆ, ಆಮೇಲೆ ಲೋಹ

ನಿಷ್ಠ ಪ್ರತಿಕೃತಿಯ ಕೆಲಸ ಗ್ಯಾರೇಜಿನಲ್ಲಿ ಅಲ್ಲ, ಕಾಗದದ ಮೇಲೆ ಆರಂಭವಾಗುತ್ತದೆ. ಒಂದೇ ಹೆಸರಿನ ಕಾರು ವರ್ಷದಿಂದ ವರ್ಷಕ್ಕೆ ಬದಲಾಗುತ್ತ ಹೋಗಿರುತ್ತದೆ. ಟೈಪ್ 35ರ ಮೂಲ ಎಂಜಿನ್ 8 ಸಿಲಿಂಡರುಗಳದ್ದು, 1,991 ಸಿಸಿ ಸಾಮರ್ಥ್ಯದ್ದು. 35ಬಿ ಮಾದರಿಗೆ 2,262 ಸಿಸಿ ಎಂಜಿನ್ನಿನ ಜೊತೆಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಬಂತು. ಆದ್ದರಿಂದ ಯಾವ ವರ್ಷದ, ಯಾವ ಪಂದ್ಯದ, ಯಾವ ಉಪಮಾದರಿಯ ಕಾರು ಎಂಬುದನ್ನು ಮೊದಲೇ ನಿಶ್ಚಯಿಸದೆ ಹೊರಟರೆ ಯಾವ ಕಾಲದಲ್ಲೂ ಇರದಿದ್ದ ಕಾರೊಂದು ಹುಟ್ಟಿಕೊಳ್ಳುತ್ತದೆ.

ಕಾರ್ಖಾನೆಯ ನಕ್ಷೆಗಳು, ಆ ಕಾಲದ ಛಾಯಾಚಿತ್ರಗಳು, ಬಿಡಿಭಾಗಗಳ ಪಟ್ಟಿ, ಉಳಿದಿರುವ ಮೂಲ ಕಾರಿನ ಅಳತೆ, ಇವು ನಾಲ್ಕು ಆಧಾರಗಳು. ಇಂದು ಲೇಸರ್ ಸ್ಕ್ಯಾನರ್‌ನಿಂದ ಭಾಗವೊಂದರ ರೂಪವನ್ನು ಕ್ಷಣದಲ್ಲಿ ಗಣಕಯಂತ್ರಕ್ಕೆ ಇಳಿಸಬಹುದು. ಆದರೆ ಸ್ಕ್ಯಾನರ್ ತೋರಿಸುವುದು ನೂರು ವರ್ಷ ಸವೆದು, ಬಾಗಿ, ಬೆಸುಗೆಗೊಂಡ ರೂಪವನ್ನು. ಮೂಲದಲ್ಲಿ ಅದು ಹೇಗಿತ್ತೆಂಬುದನ್ನು ಅನುಭವಿ ಕುಶಲಕರ್ಮಿಯೇ ತೀರ್ಮಾನಿಸಬೇಕು.

ತಿರುಪುಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಫ್ರೆಂಚ್ ಕಾರುಗಳಲ್ಲಿ ಮೆಟ್ರಿಕ್ ತಿರುಪುಗಳಿದ್ದರೆ, ಅದೇ ಕಾಲದ ಬ್ರಿಟಿಷ್ ಕಾರುಗಳಲ್ಲಿ ವ್ಹಿಟ್‌ವರ್ತ್ ಅಳತೆಯವು ಇರುತ್ತಿದ್ದವು. ಅವುಗಳಿಗೆ ಇಂದಿನ ಪಾನಾಗಳು ಕೂಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಇಂದಿನ ಬೋಲ್ಟ್ ಹಾಕಿದರೆ ಕಾರು ಓಡುತ್ತದೆ, ಪ್ರತಿಕೃತಿ ಮಾತ್ರ ಅಲ್ಲಿಯೇ ಸೋಲುತ್ತದೆ.

ಮರದ ಅಚ್ಚಿನಿಂದ ಎರಕಕ್ಕೆ

ಹಳೆಯ ಎಂಜಿನ್ನಿನ ಜೀವಾಳವೇ ಎರಕ. ಟೈಪ್ 35ರಲ್ಲಿ ಸಿಲಿಂಡರುಗಳನ್ನು ನಾಲ್ಕು ನಾಲ್ಕರಂತೆ ಎರಡು ದಿಮ್ಮಿಗಳಾಗಿ, ತಲೆಭಾಗವೂ ಕೂಡಿದಂತೆ ಒಂದೇ ಎರಕದಲ್ಲಿ ಹೊಯ್ಯಲಾಗುತ್ತಿತ್ತು. ಒಳಗೆ ನೀರು ಹರಿಯುವ ಸಂದುಗಳಿಗಾಗಿ ಮರಳಿನ ಒಳತಿರುಳನ್ನು ಕೂಡಿಸಬೇಕು. ಅದು ಎರಡು ಮಿಲಿಮೀಟರ್ ಸರಿದರೂ ಗೋಡೆ ತೆಳುವಾಗಿ, ಎಂಜಿನ್ ಕಾದಾಗ ಬಿರುಕು ಬಿಡುತ್ತದೆ.

ಎರಕಕ್ಕೆ ಮುನ್ನ ಮರದ ಅಚ್ಚು, ಅಂದರೆ ಪ್ಯಾಟರ್ನ್ ಬೇಕು. ಹೊಸಬರು ತಪ್ಪುವುದು ಇಲ್ಲಿಯೇ. ಮೂಲ ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ ಹೊಸ ಭಾಗ ಚಿಕ್ಕದಾಗುತ್ತದೆ. ಕಾರಣ, ಕರಗಿದ ಲೋಹ ತಣಿಯುವಾಗ ಕುಗ್ಗುತ್ತದೆ. ಬೀಡುಕಬ್ಬಿಣ ಸುಮಾರು ಶೇ 1ರಷ್ಟು, ಅಲ್ಯೂಮಿನಿಯಂ ಸುಮಾರು ಶೇ 1.3ರಷ್ಟು ಕುಗ್ಗುವುದು ರೂಢಿ. 600 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಭಾಗಕ್ಕೆ ಅಚ್ಚು ಸುಮಾರು 8 ಮಿಲಿಮೀಟರ್ ಹೆಚ್ಚು ಉದ್ದವಿರಬೇಕು. ಮೇಲೆ ಕಡೆದು ತೆಗೆಯುವ ಅಂಶವನ್ನೂ ಸೇರಿಸಬೇಕು.

ಮರದಲ್ಲಿ ವಸ್ತುವಿನ ತದ್ರೂಪು ತೆಗೆಯುವ ಕಲೆ ಗೋಕಾಕಕ್ಕೆ ಹೊಸದಲ್ಲ. ಹಗುರ ಮರದಿಂದ ಮಾಡಿ ಬಣ್ಣ ಹಚ್ಚಿದ ಹಣ್ಣು, ಕಾಯಿಪಲ್ಲೆಗಳ ಗೋಕಾಕ ಬೊಂಬೆಗಳು ಹೆಸರಾದದ್ದೇ ಅವುಗಳ ಜೀವಂತಿಕೆಗಾಗಿ. ಬೊಂಬೆಗೂ ಎಂಜಿನ್ನಿನ ಅಚ್ಚಿಗೂ ನಿಖರತೆಯಲ್ಲಿ ಬಹಳ ಅಂತರವಿದೆ ಎಂಬುದು ನಿಜ. ಆದರೂ ಕಣ್ಣಳತೆ, ಮರದ ಗುಣದ ಅರಿವು, ಉಳಿ ಹಿಡಿಯುವ ಕೈ ಎರಡಕ್ಕೂ ಬೇಕು. ಎರಕಕ್ಕಾದರೆ ಬಹುದೂರ ಹೋಗಬೇಕಾದ್ದಿಲ್ಲ. ಬೆಳಗಾವಿಯ ಫೌಂಡ್ರಿಗಳು ವಾಹನ ಎಂಜಿನ್ನುಗಳ ಬಿಡಿಭಾಗಗಳನ್ನು ದಶಕಗಳಿಂದ ಎರಕ ಹೊಯ್ಯುತ್ತಿವೆ. ಹುಕ್ಕೇರಿಯ ಪಡುವಣಕ್ಕೆ ಗಡಿ ದಾಟಿದರೆ ಕೊಲ್ಹಾಪುರದ ಫೌಂಡ್ರಿಗಳಿವೆ. ಆದರೆ ಸಾವಿರಗಟ್ಟಲೆ ಒಂದೇ ಭಾಗ ಹೊಯ್ಯುವ ಕಾರ್ಖಾನೆಗೆ ಎರಡೇ ಎರಡು ಭಾಗಗಳ ಬೇಡಿಕೆ ಲಾಭದ್ದಲ್ಲ. ಅದಕ್ಕೆ ಕೈಯಿಂದ ಅಚ್ಚು ಕಟ್ಟುವ ಚಿಕ್ಕ ಎರಕಶಾಲೆಯೇ ತಕ್ಕದ್ದು.

ಕಡೆತದ ನಿಖರತೆ: ಹುಕ್ಕೇರಿಯ ಹೊಸ ಬಲ

ಟೈಪ್ 35ರ ಕ್ರ್ಯಾಂಕ್ ದಂಡ ಒಂದೇ ತುಂಡಲ್ಲ. ಹಲವು ತುಂಡುಗಳನ್ನು ಬಿಗಿಯಾಗಿ ಜೋಡಿಸಿದ್ದು. ರೋಲರ್ ಬೇರಿಂಗುಗಳನ್ನು ಕೂಡಿಸಲು ಬೇರೆ ದಾರಿ ಇರಲಿಲ್ಲ. ತುಂಡುಗಳು ಮೈಕ್ರಾನ್ ಲೆಕ್ಕದಲ್ಲಿ ಹೊಂದದಿದ್ದರೆ ದಂಡ ತಿರುಗುವಾಗ ನಡುಗಿ ಬೇರಿಂಗನ್ನು ತಿನ್ನುತ್ತದೆ.

ಇಂಥ ನಿಖರತೆ ಇಂದು ಹುಕ್ಕೇರಿ ತಾಲ್ಲೂಕಿನಲ್ಲಿಯೇ ಇದೆ. ಹತ್ತರಗಿಯಲ್ಲಿ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯ ವಿಮಾನಗಳ ಬಿಡಿಭಾಗಗಳನ್ನು ಕಡೆಯುವ, ಕುಲುಮೆಯಲ್ಲಿ ಬಡಿದು ರೂಪಿಸುವ, ಮೇಲ್ಮೈ ಸಂಸ್ಕರಿಸುವ ಘಟಕಗಳನ್ನು ಹೊಂದಿದೆ. ಅದೇ ತಾಲ್ಲೂಕಿನ ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಕಾಲೇಜೂ ಇದೆ. ಯಂತ್ರವೂ ಇದೆ, ಕಲಿತ ಕೈಯೂ ಇದೆ. ಆದರೆ ಹಳೆಯ ಭಾಗದಲ್ಲಿ ಎಲ್ಲಿ ಯಂತ್ರದ ಗೆರೆ ಉಳಿಯಬೇಕು, ಎಲ್ಲಿ ಕಾನಸಿನ ಗುರುತು ಇರಬೇಕು ಎಂಬ ತಿಳಿವಳಿಕೆಯನ್ನು ಬೇರೆಯಾಗಿಯೇ ಕಲಿಯಬೇಕಾಗುತ್ತದೆ.

ಗಾಲಿ ಮತ್ತು ತಗಡು

ಟೈಪ್ 35ರ ಅತಿ ಪ್ರಸಿದ್ಧ ಭಾಗ ಅದರ ಗಾಲಿ. ಎಂಟು ಚಪ್ಪಟೆ ಅರಗಳಿರುವ ಅಲ್ಯೂಮಿನಿಯಂ ಎರಕದ ಗಾಲಿಯಲ್ಲಿ ಬ್ರೇಕ್ ಡ್ರಮ್ಮೂ ಕೂಡಿಕೊಂಡಿತ್ತು. ಗಾಲಿ ಕಳಚಿದೊಡನೆ ಬ್ರೇಕ್ ಕಣ್ಣಿಗೆ ಬೀಳುತ್ತಿತ್ತು. ಶಾಖವೂ ಬೇಗ ಹೊರಹೋಗುತ್ತಿತ್ತು. ಅದಕ್ಕೂ ಹಿಂದಿನ ಕಾರುಗಳಲ್ಲಿ ಮರದ ಅರಗಳ ಗಾಲಿ ಸಾಮಾನ್ಯವಾಗಿತ್ತು. ಬಡಿಗ ಕಟ್ಟಿದ ಚಕ್ಕಡಿಯ ಗಾಲಿಗೆ ಕಂಬಾರ ಕಬ್ಬಿಣದ ಪಟ್ಟವನ್ನು ಕೆಂಪಗೆ ಕಾಯಿಸಿ ತೊಡಿಸಿ, ನೀರು ಸುರಿದು ಬಿಗಿಗೊಳಿಸುವುದನ್ನು ಕಂಡವರಿಗೆ ಲೋಹವನ್ನು ಕಾಯಿಸಿ ಕೂಡಿಸುವ ಈ ತತ್ತ್ವ ಅಪರಿಚಿತವಲ್ಲ. ಎಂಜಿನ್ ಜೋಡಣೆಯಲ್ಲಿಯೂ ಬಿಗಿಯಾದ ಭಾಗಗಳನ್ನು ಇದೇ ತತ್ತ್ವದಿಂದ ಕೂಡಿಸುತ್ತಾರೆ.

ಕಾರಿನ ಮೈ ತೆಳು ಅಲ್ಯೂಮಿನಿಯಂ ತಗಡಿನದು. ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದು, ಉರುಳೆಗಳ ನಡುವೆ ಎಳೆದು ನಯಗೊಳಿಸಬೇಕು. ಮೂಡಲಗಿಯಂಥ ಕಬ್ಬಿನ ಸೀಮೆಯಲ್ಲಿ ಟ್ರ್ಯಾಕ್ಟರ್, ಟ್ರೇಲರ್‌ಗಳ ದುರಸ್ತಿಗೆ ವೆಲ್ಡಿಂಗ್ ಮತ್ತು ತಗಡಿನ ಕೆಲಸದ ಅಂಗಡಿಗಳು ಅನಿವಾರ್ಯ. ಆದರೆ ದಪ್ಪ ಉಕ್ಕಿಗೂ ತೆಳು ಅಲ್ಯೂಮಿನಿಯಂಗೂ ಕೈಯ ಹದ ಒಂದೇ ಅಲ್ಲ. ಅಲ್ಯೂಮಿನಿಯಂ ಕಾದರೂ ಬಣ್ಣ ಬದಲಿಸುವುದಿಲ್ಲ. ಕರಗುವ ತನಕ ಕಣ್ಣಿಗೆ ಸುಳಿವು ಸಿಗದು.

ಎಲ್ಲಿ ಹಳೆಯದನ್ನು ಬಿಡಬೇಕು

ಎಲ್ಲವೂ ಆ ಕಾಲದ್ದೇ ಆಗಿರಬೇಕೆಂಬ ಹಟ ಜೀವಕ್ಕೆ ಎರವಾಗಬಹುದು. ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವುದರಿಂದ ಬದಲಿ ವಸ್ತು ಬಳಸಬೇಕು. ಹಳೆಯ ಟೈರುಗಳ ರಬ್ಬರು ಗಟ್ಟಿಯಾಗಿ ಸೀಳುತ್ತದೆ. ಹಳೆಯ ವಿನ್ಯಾಸದ ಟೈರುಗಳನ್ನು ಹೊಸದಾಗಿ ತಯಾರಿಸುವವರಿದ್ದಾರೆ, ಅವನ್ನೇ ಹಾಕಬೇಕು. ಭಾರತದ ಪೆಟ್ರೋಲಿನಲ್ಲಿ ಇಂದು ಶೇ 20ರವರೆಗೆ ಎಥೆನಾಲ್ ಇದ್ದು, ಹಳೆಯ ಬಗೆಯ ರಬ್ಬರ್ ಮತ್ತು ಕಾರ್ಬುರೇಟರಿನ ಲೋಹಗಳಿಗೆ ಅದು ಹಿತವಲ್ಲ. ಎಣ್ಣೆಯ ವಿಷಯದಲ್ಲಿ ಮಾತ್ರ ಹಳೆಯದು ಮನೆಯದೇ. ಆ ಕಾಲದ ರೇಸ್ ಎಂಜಿನ್ನುಗಳಿಗೆ ಔಡಲ ಎಣ್ಣೆಯೇ ಮೆಚ್ಚಿನ ಕೀಲೆಣ್ಣೆಯಾಗಿತ್ತು; ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಔಡಲದ ಇಂಗ್ಲಿಷ್ ಹೆಸರಿನಿಂದಲೇ.

ಕಾನೂನು ಏನು ಹೇಳುತ್ತದೆ

ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮಗಳಂತೆ 50 ವರ್ಷ ಮೀರಿದ, ಚಾಸಿಸ್, ಮೈ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗದ ವಾಹನಗಳಿಗೆ ಮಾತ್ರ ವಿಂಟೇಜ್ ನೋಂದಣಿ ದೊರೆಯುತ್ತದೆ. ಅವುಗಳ ಫಲಕದಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿ ಶುಲ್ಕ 20,000 ರೂಪಾಯಿ. ನಿನ್ನೆ ಮೊನ್ನೆ ಕಟ್ಟಿದ ಪ್ರತಿಕೃತಿಗೆ, ಅದೆಷ್ಟೇ ನಿಷ್ಠವಾಗಿರಲಿ, ಈ ಬಾಗಿಲು ತೆರೆಯದು. ಹಳೆಯ ಜೀಪು ಅಥವಾ ಅಂಬಾಸಡರ್ ಚಾಸಿಸ್ಸಿನ ಮೇಲೆ ರೇಸ್ ಕಾರಿನ ಮೈ ಕೂಡಿಸಿ ರಸ್ತೆಗಿಳಿಸುವ ದಾರಿಯೂ ಸುಗಮವಲ್ಲ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಆದ್ದರಿಂದ ಇಂಥ ಕಾರಿಗೆ ಸಹಜ ನೆಲೆ ಎಂದರೆ ರೇಸ್ ಟ್ರ್ಯಾಕ್ ಮತ್ತು ಪ್ರದರ್ಶನ.

ಅಂತರರಾಷ್ಟ್ರೀಯ ಐತಿಹಾಸಿಕ ಪಂದ್ಯಗಳಿಗೆ ಎಫ್‌ಐಎ ಸಂಸ್ಥೆ ತಾಂತ್ರಿಕ ಪಾಸ್‌ಪೋರ್ಟ್ ನೀಡುತ್ತದೆ. ಕಾರು ಆ ಕಾಲದ ವಿವರಗಳಿಗೆ ಹೊಂದುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಕಾರಿನ ಇತಿಹಾಸಕ್ಕೆ ಅದು ಪ್ರಮಾಣಪತ್ರವಲ್ಲ.

ಹೆಸರಿನ ಪ್ರಾಮಾಣಿಕತೆ

ಈ ಕಸುಬಿನ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಪ್ರತಿಕೃತಿ ಚೆನ್ನಾದಷ್ಟೂ ಮೋಸದ ಆಸೆ ಹೆಚ್ಚು. ನಾಶವಾದ ಕಾರಿನ ಚಾಸಿಸ್ ಸಂಖ್ಯೆಯನ್ನು ಹೊಸ ಲೋಹಕ್ಕೆ ಒತ್ತಿ, ಕೃತಕವಾಗಿ ತುಕ್ಕು ಹಿಡಿಸಿ ಮೂಲವೆಂದು ಮಾರಿದರೆ ಕಳೆದುಹೋಗುವುದು ಕೊಂಡವನ ಹಣ ಮಾತ್ರವಲ್ಲ, ಇತಿಹಾಸವೇ ಕಲಬೆರಕೆಯಾಗುತ್ತದೆ. ಆದ್ದರಿಂದ ಒಳ್ಳೆಯ ಕುಶಲಕರ್ಮಿ ತನ್ನದೇ ಸಂಖ್ಯೆ, ತನ್ನದೇ ಗುರುತು, ಕಟ್ಟಿದ ವರ್ಷವನ್ನು ಕಾರಿನ ಮೇಲೆ ಕೊರೆಯುತ್ತಾನೆ. ಯಾವ ಭಾಗ ಮೂಲದ್ದು, ಯಾವುದು ಹೊಸದು ಎಂಬ ಪಟ್ಟಿಯನ್ನು ಕಾರಿನ ಜೊತೆ ಇಡುತ್ತಾನೆ.

ದಕ್ಷಿಣ ಭಾರತಕ್ಕೆ ರೇಸ್ ಕಾರು ಕಟ್ಟುವುದು ತೀರ ಹೊಸತಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು 1980ರ ದಶಕದ ಕೊನೆಯಲ್ಲಿ ಮಾರುತಿ 800 ಎಂಜಿನ್ ಬಳಸಿ ಒಂಟಿ ಆಸನದ ರೇಸ್ ಕಾರುಗಳನ್ನು ರೂಪಿಸಿ, ಸಾಮಾನ್ಯರಿಗೂ ಈ ಕ್ರೀಡೆಯನ್ನು ಹತ್ತಿರ ತಂದರು. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇದ್ದ ಸಾಮಗ್ರಿಯಿಂದಲೇ ಕಟ್ಟಬಹುದು ಎಂಬ ಅವರ ಪಾಠ ಮಾತ್ರ ಉಳಿದಿದೆ.

1887ರಲ್ಲಿಯೇ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಿದ ಗೋಕಾಕಕ್ಕೆ ಯಂತ್ರದ ಒಡನಾಟ ಒಂದೂವರೆ ಶತಮಾನದ ಹತ್ತಿರದ್ದು. ಮರದ ಅಚ್ಚು, ಎರಕ, ಕಡೆತ, ತಗಡು ಈ ನಾಲ್ಕೂ ವಿದ್ಯೆಗಳು ಈ ಸೀಮೆಯಲ್ಲಿ ಮತ್ತು ಅದರ ನೆರೆಯಲ್ಲಿ ಬೇರೆ ಬೇರೆ ಅಂಗಡಿಗಳಲ್ಲಿ ಹಂಚಿಹೋಗಿವೆ. ಪರಾನಾದ ಕಾರ್ಯಾಗಾರದ ಗುಟ್ಟು ಅವೆಲ್ಲವನ್ನೂ ಒಂದೇ ಸೂರಿನಡಿ ತಂದದ್ದು ಮತ್ತು ಹಿರಿಯರ ಕೈಯಿಂದ ಕಿರಿಯರ ಕೈಗೆ ದಾಟಿಸಿದ್ದು. ಯಂತ್ರವನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ಅಚ್ಚು ಕೆತ್ತುವ, ತಗಡು ಬಡಿಯುವ ಹಿರಿಯ ಕೈಗಳು ಮಾತ್ರ ಕೆಲಸ ಬಿಟ್ಟ ಮೇಲೆ ಮರಳಿ ಸಿಗುವಂಥವಲ್ಲ.