ಹೊಳೆದಂಡೆಯ ಕಲ್ಲು ಮತ್ತು ಅದನ್ನು ಮೊದಲು ಕಂಡವರು: ಮಿರಜ ಸೀಮೆಯಿಂದ ಒಂದು ಪ್ರಸ್ತಾವ

ಶಾಸನ ಅಂದ ಕೂಡಲೇ ನಾವು ಸಂಪುಟ ತೆರೆಯುತ್ತೇವೆ. ಆದರೆ ಸಂಪುಟಕ್ಕೆ ಬರುವ ಮೊದಲು ಆ ಕಲ್ಲನ್ನು ಯಾರೋ ಒಬ್ಬರು ಊರಿಗೆ ಹೋಗಿ ಕಂಡಿರುತ್ತಾರೆ. ಇವತ್ತು ನಾನು ಮಾತಾಡೋದು ಅವರ ಬಗ್ಗೆ.

ನಾನು ಆಯ್ದುಕೊಂಡ ಪ್ರದೇಶ ಮಿರಜ ತಾಲ್ಲೂಕಿನ ಖಂಡೇರಾಜುರಿ ಮತ್ತು ಸುತ್ತಲಿನ ಕೃಷ್ಣಾ ಸೀಮೆ. ಇಂದು ಇಲ್ಲಿಯ ಆಡಳಿತ ಭಾಷೆ ಮರಾಠಿ. ಆದರೆ ಮಿರಜದ ಶಕ 1066ರ ಶಾಸನ ಕನ್ನಡದ್ದು, ಶಿಲಾಹಾರರ ಕಾಲದ್ದು. ವೀರಬಣಂಜು ವರ್ತಕರ ವಿಷಯ ಅದರಲ್ಲಿ ಬರುತ್ತದೆ. ಎಲ್. ಡಿ. ಬಾರ್ನೆಟ್ ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದರು. ಇಲ್ಲಿಯ ಜನರ ಹಳೆಯ ವ್ಯವಹಾರದ ದಾಖಲೆ ಹೀಗೆ ಇಂದು ಅವರಿಗೇ ಓದಲು ಬಾರದ ಭಾಷೆಯಲ್ಲಿದೆ.

ಈ ತೊಡಕನ್ನು ದಾಟಿದ ಒಬ್ಬರು ನೆರೆಯ ಸೊಲ್ಲಾಪುರ ಜಿಲ್ಲೆಯಲ್ಲಿದ್ದರು, ಆನಂದ ಕುಂಭಾರ. ಅವರು ವಿಶ್ವವಿದ್ಯಾಲಯದ ಹುದ್ದೆಯಲ್ಲಿದ್ದವರಲ್ಲ. ಸ್ವಂತ ಆಸಕ್ತಿಯಿಂದ ಹಳೆಗನ್ನಡ ಲಿಪಿ ಕಲಿತು, ಜಿಲ್ಲೆಯ ಹಳ್ಳಿಗಳಲ್ಲಿ ಕನ್ನಡ ಶಾಸನಗಳನ್ನು ಹುಡುಕಿ ದಾಖಲಿಸಿದರು. ಭೀಮಾ–ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದಲ್ಲಿ, ಸಂಗಮೇಶ್ವರ ಗುಡಿಯ ತೊಲೆಯ ಮೇಲೆ ಶಕ 940ರ, ಅಂದರೆ ಕ್ರಿ.ಶ. 1018ರ ಬರಹವೊಂದನ್ನು ಬೆಳಕಿಗೆ ತಂದರು. ಕಾಲ ನಮೂದಾದ ಅತ್ಯಂತ ಹಳೆಯ ಮರಾಠಿ ಶಾಸನಗಳಲ್ಲಿ ಅದೂ ಒಂದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಕೂಡಲ’ ಕನ್ನಡದ ಮಾತು, ಬರಹ ಮರಾಠಿಯದು, ಕಂಡವರು ಕನ್ನಡ ಶಾಸನಗಳ ಬೆನ್ನು ಹತ್ತಿದವರು. ಕನ್ನಡ ಮಾತ್ರ ಬೇಕು ಅಂದಿದ್ದರೆ ಅವರು ಆ ಸಾಲನ್ನು ಬಿಟ್ಟು ಬರಬಹುದಿತ್ತು. ಗಡಿಭಾಗದ ಕಲ್ಲುಗಳನ್ನು ‘ನಮ್ಮದು’, ‘ಅವರದು’ ಅಂತ ಎಣಿಸುವ ನಮ್ಮ ರೂಢಿಗೆ ಇದೊಂದು ಪಾಠ.

ಕೃಷ್ಣಾ ದಂಡೆಯಲ್ಲಿ ಈ ಕೆಲಸಕ್ಕೆ ಅವಸರವೂ ಇದೆ. ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ಮುಟ್ಟಿತು. ಮಹಾಪೂರ ದಂಡೆಯನ್ನು ಕೊರೆಯುತ್ತದೆ, ಹೂಳು ತುಂಬುತ್ತದೆ. ಆಮೇಲೆ ದುರಸ್ತಿಗೆ ಬಂದವರು ಕಲ್ಲನ್ನು ಸರಿಸಿದರೆ ಅದು ಮೊದಲು ಎಲ್ಲಿತ್ತು ಅನ್ನೋದೇ ಹೋಗಿಬಿಡುತ್ತದೆ.

ಆದ್ದರಿಂದ ನನ್ನ ಪ್ರಸ್ತಾವ ಸಣ್ಣದು. ಬೇಸಿಗೆಯಲ್ಲಿ, ನೀರು ಇಳಿದಾಗ, ಊರ ಹಿರಿಯರನ್ನೂ ಶಾಲೆಯ ಮಕ್ಕಳನ್ನೂ ಕರಕೊಂಡು ನಡೆಯೋಣ. ಅಗೆಯುವುದು ಬೇಡ, ಅದು ಪುರಾತತ್ತ್ವ ಇಲಾಖೆಯ ಕೆಲಸ. ಕಲ್ಲು ಇರುವ ಜಾಗ, ಅದರ ಅಳತೆ, ಮುಖ ಮಾಡಿದ ದಿಕ್ಕು, ಊರವರು ಅದನ್ನು ಕರೆಯುವ ಹೆಸರು ಬರೆದುಕೊಳ್ಳೋಣ. ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಪಡಿಯಚ್ಚನ್ನು ಮಾತ್ರ ಬಲ್ಲವರೇ ತೆಗೆಯಲಿ.

ಕೊನೆಯದಾಗಿ, ಓದಿದ್ದನ್ನು ಊರಿಗೆ ಮರಳಿ ಕೊಡಬೇಕು. ‘ಇದು ಕನ್ನಡದ ಕಲ್ಲು’ ಅಂತ ಹೇಳಿ ಬರೋದು ಸುಲಭ. ಅದರಲ್ಲಿ ಯಾರು ಯಾವ ಗುಡಿಗೆ ಏನು ಕೊಟ್ಟರು ಅನ್ನೋದನ್ನು ಅವರ ಮರಾಠಿಯಲ್ಲೇ ತಿಳಿಸಿದರೆ, ನಾವು ಹಿಂದಿರುಗಿದ ಮೇಲೂ ಆ ಕಲ್ಲನ್ನು ಕಾಯುವವರು ಅಲ್ಲಿರುತ್ತಾರೆ.