ಉಕ್ರೇನ್ ನಿರಾಶ್ರಿತರಿಗೆ ಯುರೋಪ್ ಕೊಟ್ಟಿದ್ದೇನು? ಭತ್ಯೆ, ಸೂರು, ಕೆಲಸದ ವಿವರ ಇಲ್ಲಿದೆ

2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಆರಂಭಿಸಿದ ಕೆಲವೇ ವಾರಗಳಲ್ಲಿ ಲಕ್ಷಾಂತರ ಉಕ್ರೇನಿಯನ್ನರು ಕೈಗೆ ಸಿಕ್ಕಿದ್ದನ್ನು ಹಿಡಿದು ಗಡಿ ದಾಟಿದರು. 18ರಿಂದ 60 ವರ್ಷದೊಳಗಿನ ಗಂಡಸರು ದೇಶ ಬಿಡದಂತೆ ಉಕ್ರೇನ್ ಸರ್ಕಾರ ನಿರ್ಬಂಧ ಹೇರಿದ್ದರಿಂದ ಹೀಗೆ ಬಂದವರಲ್ಲಿ ಹೆಂಗಸರು, ಮಕ್ಕಳು ಮತ್ತು ವೃದ್ಧರೇ ಹೆಚ್ಚು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಆಶ್ರಯ ಪಡೆದವರ ಸಂಖ್ಯೆ 40 ಲಕ್ಷ ದಾಟಿದೆ.

ಬೇರೆ ನಿರಾಶ್ರಿತರಿಗೆ ಸಿಗದ ಒಂದು ಸೌಲಭ್ಯ ಇವರಿಗೆ ಸಿಕ್ಕಿತು. ಬಂದ ಕೂಡಲೇ ದುಡಿಯುವ ಹಕ್ಕು ಅವರದಾಯಿತು. ಆದರೆ ಹಕ್ಕು ಸಿಕ್ಕ ಮಾತ್ರಕ್ಕೆ ಎಲ್ಲರಿಗೂ ಕೆಲಸ ಸಿಗಲಿಲ್ಲ. ವಾಸಕ್ಕೆ ಮನೆ, ಆಡಲು ಭಾಷೆ, ಮಗುವನ್ನು ಬಿಟ್ಟು ಹೋಗಲು ಒಂದು ಜಾಗ ಇಲ್ಲದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ ಎಂಬುದನ್ನು ಜರ್ಮನಿ, ಪೋಲೆಂಡ್ ಮತ್ತು ಬ್ರಿಟನ್‌ನ ಅನುಭವ ತೋರಿಸಿಕೊಟ್ಟಿದೆ.

ಏನಿದು ತಾತ್ಕಾಲಿಕ ರಕ್ಷಣೆ?

ಸಾಮಾನ್ಯವಾಗಿ ಆಶ್ರಯ ಕೋರಿ ಬಂದವರು ಅರ್ಜಿ ಹಾಕಿ, ವಿಚಾರಣೆ ಎದುರಿಸಿ, ತೀರ್ಪಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಯುಗೊಸ್ಲಾವಿಯಾ ಒಡೆದಾಗ ನಡೆದ ಯುದ್ಧಗಳ ಅನುಭವದಿಂದ ಐರೋಪ್ಯ ಒಕ್ಕೂಟ 2001ರಲ್ಲಿ ಬೇರೊಂದು ನಿಯಮ ರೂಪಿಸಿತ್ತು. ಭಾರಿ ಸಂಖ್ಯೆಯಲ್ಲಿ ಜನ ಒಮ್ಮೆಲೇ ಬಂದರೆ ಒಬ್ಬೊಬ್ಬರ ವಿಚಾರಣೆ ನಡೆಸದೆ ಇಡೀ ಗುಂಪಿಗೆ ರಕ್ಷಣೆ ಕೊಡಬಹುದು ಎಂಬುದೇ ಅದರ ಸಾರ. ಎರಡು ದಶಕ ಕಡತದಲ್ಲೇ ಇದ್ದ ಈ ನಿಯಮ ಮೊದಲ ಬಾರಿಗೆ ಜಾರಿಯಾಗಿದ್ದು 2022ರ ಮಾರ್ಚ್ 4ರಂದು. ಇದರಡಿ ವಾಸದ ಪರವಾನಗಿ, ಕೆಲಸ, ವಸತಿ, ಚಿಕಿತ್ಸೆ ಮತ್ತು ಮಕ್ಕಳ ಶಾಲೆಗೆ ಅವಕಾಶವಿದೆ.

ಉಕ್ರೇನ್‌ನಲ್ಲಿದ್ದ ಎಲ್ಲರಿಗೂ ಇದು ತಾನಾಗಿ ಅನ್ವಯಿಸಲಿಲ್ಲ. ವೈದ್ಯಕೀಯ ಓದಲು ಅಲ್ಲಿಗೆ ಹೋಗಿದ್ದ ಭಾರತೀಯ ವಿದ್ಯಾರ್ಥಿಗಳಂತೆ ತಾತ್ಕಾಲಿಕ ವೀಸಾದಲ್ಲಿದ್ದವರಿಗೆ ರಕ್ಷಣೆ ಕೊಡಬೇಕೇ ಎಂಬುದನ್ನು ಆಯಾ ದೇಶಗಳಿಗೇ ಬಿಡಲಾಯಿತು. ಕನ್ನಡಿಗರೂ ಸೇರಿದಂತೆ ಸಾವಿರಾರು ವಿದ್ಯಾರ್ಥಿಗಳು ಗಡಿ ದಾಟಿ, 'ಆಪರೇಷನ್ ಗಂಗಾ' ವಿಮಾನಗಳಲ್ಲಿ ಭಾರತಕ್ಕೆ ಮರಳಿದರು.

ಜರ್ಮನಿ: ಮೊದಲು ಭಾಷೆ, ಆಮೇಲೆ ಕೆಲಸ

ಉಕ್ರೇನಿಯನ್ನರಿಗೆ ಅತಿ ಹೆಚ್ಚು ಸಂಖ್ಯೆಯಲ್ಲಿ ಆಶ್ರಯ ಕೊಟ್ಟ ದೇಶಗಳಲ್ಲಿ ಜರ್ಮನಿಯೂ ಒಂದು. ಅಲ್ಲಿ 10 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಆರಂಭದಲ್ಲಿ ಒಂಟಿ ವಯಸ್ಕರಿಗೆ ಆಶ್ರಯ ಕೋರಿದವರಿಗೆ ಕೊಡುವ ತಿಂಗಳಿಗೆ 367 ಯೂರೋ ಭತ್ಯೆ ಸಿಗುತ್ತಿತ್ತು. 2022ರ ಜೂನ್ 1ರಿಂದ ಅವರನ್ನು ನಿರುದ್ಯೋಗಿ ಜರ್ಮನ್ ನಾಗರಿಕರಿಗಿರುವ ಯೋಜನೆಗೆ ಸೇರಿಸಲಾಯಿತು. ಆಗ ಭತ್ಯೆ 449 ಯೂರೋ ಆಯಿತು, 2024ರಲ್ಲಿ 563 ಯೂರೋ ತಲುಪಿತು. ಮನೆ ಬಾಡಿಗೆ ಮತ್ತು ಚಳಿಗಾಲದ ಹೀಟರ್ ಖರ್ಚನ್ನು ಪ್ರತ್ಯೇಕವಾಗಿ ಭರಿಸಲಾಗುತ್ತದೆ. ಭತ್ಯೆ ಕೊಡುವ ಕಚೇರಿಯೇ ಕೆಲಸ ಹುಡುಕಿಕೊಡುವ ಹೊಣೆಯನ್ನೂ ಹೊತ್ತಿದೆ.

ನಿರಾಶ್ರಿತರನ್ನು 16 ರಾಜ್ಯಗಳಿಗೆ ಹಂಚಲು ಅಲ್ಲಿ ನಿಗದಿತ ಸೂತ್ರವಿದೆ. ರಾಜ್ಯದ ತೆರಿಗೆ ಆದಾಯಕ್ಕೆ ಮೂರನೇ ಎರಡು ಪಾಲು, ಜನಸಂಖ್ಯೆಗೆ ಮೂರನೇ ಒಂದು ಪಾಲು ತೂಕ ಕೊಟ್ಟು ಯಾವ ರಾಜ್ಯಕ್ಕೆ ಎಷ್ಟು ಜನ ಎಂದು ಲೆಕ್ಕ ಹಾಕಲಾಗುತ್ತದೆ. ಆದರೆ ಬಾಡಿಗೆ ಮನೆಗಳ ತೀವ್ರ ಅಭಾವದ ಮುಂದೆ ಯಾವ ಸೂತ್ರವೂ ಸಾಲಲಿಲ್ಲ. ಬರ್ಲಿನ್‌ನಲ್ಲಿ 2020ರಲ್ಲಿ ಮುಚ್ಚಿದ್ದ ಟೇಗೆಲ್ ವಿಮಾನ ನಿಲ್ದಾಣದಲ್ಲಿ ದೊಡ್ಡ ಡೇರೆಗಳನ್ನು ಹಾಕಲಾಯಿತು. ಕೆಲವು ದಿನಗಳ ತಂಗುದಾಣವೆಂದು ಆರಂಭಿಸಿದ ಈ ಜಾಗದಲ್ಲಿ ಹಲವರು ವರ್ಷಕ್ಕೂ ಹೆಚ್ಚು ಕಾಲ ಕಳೆದರು.

ಭಾಷೆ ಕಲಿಸಲು 700 ತರಗತಿಗಳ ಕೋರ್ಸ್ ಇದೆ. 600 ತರಗತಿ ಜರ್ಮನ್ ಭಾಷೆಗೆ, ಉಳಿದ 100 ಆ ದೇಶದ ಕಾನೂನು, ಇತಿಹಾಸ ಮತ್ತು ಜೀವನಕ್ರಮದ ಪರಿಚಯಕ್ಕೆ. ಕೋರ್ಸ್ ಮುಗಿಯುವವರೆಗೆ ಹೆಚ್ಚಿನವರು ಕೆಲಸಕ್ಕೆ ಹೋಗುವುದಿಲ್ಲ. ಹೀಗಾಗಿ ಯುದ್ಧ ಶುರುವಾಗಿ ಎರಡು ವರ್ಷ ಕಳೆದರೂ ದುಡಿಯುವ ವಯಸ್ಸಿನವರಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಜನ ಕೆಲಸದಲ್ಲಿದ್ದರು. ಕೋರ್ಸ್ ಮುಗಿಸಿದವರನ್ನು ಬೇಗ ಕೆಲಸಕ್ಕೆ ಸೇರಿಸಲು 2023ರ ಅಕ್ಟೋಬರ್‌ನಲ್ಲಿ ಸರ್ಕಾರ 'ಜಾಬ್ ಟರ್ಬೊ' ಎಂಬ ಅಭಿಯಾನ ಆರಂಭಿಸಿತು.

ಪೋಲೆಂಡ್: ಭತ್ಯೆ ಕಡಿಮೆ, ಕೆಲಸ ಬೇಗ

ಪೋಲೆಂಡ್ 2022ರ ಮಾರ್ಚ್ 12ರಂದು ವಿಶೇಷ ಕಾನೂನು ತಂದಿತು. ಬಂದವರಿಗೆ ನಮ್ಮ ಆಧಾರ್ ಮಾದರಿಯ 'ಪೆಸೆಲ್' ಸಂಖ್ಯೆ ಮತ್ತು ಒಂದು ಬಾರಿಗೆ ಮಾತ್ರ 300 ಜ್ಲೋಟಿ ಸಿಕ್ಕಿತು. ಮಕ್ಕಳಿಗೆ ಪೋಲೆಂಡ್ ಮಕ್ಕಳಷ್ಟೇ ಮಾಸಿಕ ಭತ್ಯೆ ಕೊಡಲಾಯಿತು. ಮನೆಯಲ್ಲಿ ಆಶ್ರಯ ಕೊಟ್ಟ ಪೋಲಿಷ್ ಕುಟುಂಬಗಳಿಗೆ ಒಬ್ಬರಿಗೆ ದಿನಕ್ಕೆ 40 ಜ್ಲೋಟಿಯಂತೆ ನಿಗದಿತ ಅವಧಿಗೆ ಸಹಾಯಧನ ದೊರೆಯಿತು. ಕೆಲಸದ ಪರವಾನಗಿಯ ಅಗತ್ಯವೇ ಇರಲಿಲ್ಲ. ನೇಮಿಸಿಕೊಂಡವರು ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ ಸಾಕಿತ್ತು.

2023ರ ಮಾರ್ಚ್‌ನಿಂದ ಸರ್ಕಾರಿ ವಸತಿ ಕೇಂದ್ರದಲ್ಲಿ 120 ದಿನ ಮೀರಿ ಇರುವವರು ಖರ್ಚಿನ ಅರ್ಧ ಭಾಗವನ್ನು, 180 ದಿನ ಮೀರಿದರೆ ಮುಕ್ಕಾಲು ಭಾಗವನ್ನು ತಾವೇ ಕೊಡಬೇಕು ಎಂಬ ನಿಯಮ ಬಂತು. ವೃದ್ಧರು, ಅಂಗವಿಕಲರು ಮತ್ತು ಗರ್ಭಿಣಿಯರಿಗೆ ವಿನಾಯಿತಿ ಇತ್ತು. ಎರಡೂ ಸ್ಲಾವಿಕ್ ಭಾಷೆಗಳಾದ್ದರಿಂದ ಉಕ್ರೇನಿಯನ್ನರಿಗೆ ಪೋಲಿಷ್ ಕಲಿಯುವುದು ಜರ್ಮನ್‌ನಷ್ಟು ಕಷ್ಟವಲ್ಲ. ಯುದ್ಧಕ್ಕೆ ಮೊದಲೇ ಅಲ್ಲಿ ದುಡಿಯುತ್ತಿದ್ದ ಬಂಧುಬಳಗದ ನೆರವೂ ಸಿಕ್ಕಿತು. ಪರಿಣಾಮವಾಗಿ ದುಡಿಯುವ ವಯಸ್ಸಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಲ್ಲಿ ಬೇಗ ಕೆಲಸ ಸಿಕ್ಕಿತು. ಆದರೆ ಹಲವರಿಗೆ ಸಿಕ್ಕಿದ್ದು ಅವರ ಓದಿಗೆ ತಕ್ಕ ಕೆಲಸವಲ್ಲ. ಶಿಕ್ಷಕಿಯಾಗಿದ್ದವರು ಹೋಟೆಲ್ ಕೋಣೆ ಸ್ವಚ್ಛಗೊಳಿಸುವುದು, ಲೆಕ್ಕಪತ್ರ ನೋಡುತ್ತಿದ್ದವರು ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುವುದು ಇಂಥ ಸಂದರ್ಭಗಳಲ್ಲಿ ಸಾಮಾನ್ಯ.

ಬ್ರಿಟನ್: ಮನೆ ಕೊಟ್ಟವರಿಗೆ 350 ಪೌಂಡ್

ಐರೋಪ್ಯ ಒಕ್ಕೂಟದಿಂದ ಹೊರಬಂದಿರುವ ಬ್ರಿಟನ್, 2022ರ ಮಾರ್ಚ್‌ನಲ್ಲಿ 'ಹೋಮ್ಸ್ ಫಾರ್ ಉಕ್ರೇನ್' ಎಂಬ ತನ್ನದೇ ಯೋಜನೆ ಆರಂಭಿಸಿತು. ಮನೆಯಲ್ಲಿ ಕೋಣೆ ಖಾಲಿ ಇದ್ದವರು ಕನಿಷ್ಠ ಆರು ತಿಂಗಳು ಆಶ್ರಯ ಕೊಡಲು ಒಪ್ಪಿಕೊಂಡರೆ ಸರ್ಕಾರ ತಿಂಗಳಿಗೆ 350 ಪೌಂಡ್ ಗೌರವಧನ ಕೊಡುತ್ತದೆ. ಅತಿಥಿಗಳಿಂದ ಬಾಡಿಗೆ ಪಡೆಯುವಂತಿಲ್ಲ. ಸ್ಥಳೀಯ ಕೌನ್ಸಿಲ್ ಮನೆಯನ್ನೂ ಮನೆಯವರ ಹಿನ್ನೆಲೆಯನ್ನೂ ಪರಿಶೀಲಿಸುತ್ತದೆ. ಬಂದವರಿಗೆ ಆರಂಭದ ಖರ್ಚಿಗೆ ತಲಾ 200 ಪೌಂಡ್, ಮೂರು ವರ್ಷದ ವೀಸಾ ಮತ್ತು ಕೆಲಸದ ಹಕ್ಕು ದೊರೆತವು.

ಮನೆಮನೆಗೆ ಹಂಚಿಹೋದ ಕಾರಣ ಡೇರೆಗಳ ಅಗತ್ಯ ಬೀಳಲಿಲ್ಲ. ತೊಂದರೆ ಎದುರಾಗಿದ್ದು ಆತಿಥ್ಯದ ಅವಧಿ ಮುಗಿದ ನಂತರ. ಸ್ವಂತ ಬಾಡಿಗೆ ಮನೆ ಹಿಡಿಯಲು ಮುಂಗಡ ಹಣ ಮತ್ತು ಜಾಮೀನುದಾರರನ್ನು ಕೇಳಲಾಗುತ್ತಿತ್ತು. ಹೊಸದಾಗಿ ಬಂದವರಿಗೆ ಇವೆರಡೂ ಕಷ್ಟ. ಸಾವಿರಾರು ಕುಟುಂಬಗಳು ಮನೆ ಇಲ್ಲವೆಂದು ಕೌನ್ಸಿಲ್‌ಗಳ ಮೊರೆ ಹೋದವು.

ಮುಂದೇನು?

ವರ್ಷಗಳು ಉರುಳಿದಂತೆ ನಿಯಮಗಳು ಬಿಗಿಯಾಗುತ್ತಿವೆ. 2025ರ ಏಪ್ರಿಲ್ 1ರ ನಂತರ ಬಂದವರಿಗೆ ಮತ್ತೆ ಕಡಿಮೆ ಭತ್ಯೆಯನ್ನೇ ಕೊಡಲು ಜರ್ಮನಿಯ ಆಡಳಿತ ಮೈತ್ರಿಕೂಟ ಒಪ್ಪಂದ ಮಾಡಿಕೊಂಡಿದೆ. ಮಕ್ಕಳ ಭತ್ಯೆ ಬೇಕಿದ್ದರೆ ಪೋಷಕರು ದುಡಿಯುತ್ತಿರಬೇಕು ಎಂಬ ಷರತ್ತನ್ನು ಪೋಲೆಂಡ್ ಅದೇ ವರ್ಷ ತಂದಿತು.

ಐರೋಪ್ಯ ಒಕ್ಕೂಟದ ತಾತ್ಕಾಲಿಕ ರಕ್ಷಣೆಯನ್ನು 2027ರ ಮಾರ್ಚ್ 4ರವರೆಗೆ ವಿಸ್ತರಿಸಲಾಗಿದೆ. ಕೆಲಸ ಅಥವಾ ಓದಿನ ಆಧಾರದ ಮೇಲೆ ಬೇರೆ ಪರವಾನಗಿಗೆ ಬದಲಾಗಲು ನೆರವಾಗಿ, ಮರಳಲು ಬಯಸುವವರಿಗೆ ದಾರಿ ಮಾಡಿಕೊಡಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸದಸ್ಯ ದೇಶಗಳಿಗೆ ಶಿಫಾರಸು ಮಾಡಲಾಗಿದೆ. ಅಂದರೆ ಸ್ಥಿರವಾದ ಕೆಲಸ ಇದ್ದವರಿಗೆ ಉಳಿಯುವ ದಾರಿ ಸುಲಭ. ಎಳೆಯ ಮಕ್ಕಳಿರುವ ಒಂಟಿ ತಾಯಂದಿರು, ವೃದ್ಧರು ಮತ್ತು ಕಾಯಿಲೆಯವರಿಗೆ ಆ ದಾರಿ ಕಿರಿದು. ಯುದ್ಧದಿಂದ ತಪ್ಪಿಸಿಕೊಂಡು ಮೊದಲು ಗಡಿ ದಾಟಿದವರಲ್ಲಿ ಇವರೇ ಹೆಚ್ಚು ಎಂಬುದು ಗಮನಾರ್ಹ.